ಬಂಡೆ, ಬೋರು, ಬಿಂದಿಗೆ

ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯ ಬಹಳಷ್ಟು ಹಳ್ಳಿಮನೆಗಳಲ್ಲಿ ಈಗ ಎರಡು ಬಗೆಯ ನೀರಿದೆ. ಒಂದು, ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ, ಇಪ್ಪತ್ತು ಲೀಟರಿನ ಕ್ಯಾನಿಗೆ ಹಿಡಿದು, ಗಾಡಿಯ ಮುಂದಿಟ್ಟುಕೊಂಡು ತರುವ ‘ಫಿಲ್ಟರ್ ನೀರು’. ಇನ್ನೊಂದು, ಪಂಚಾಯಿತಿ ಬೋರಿನಿಂದ ಟ್ಯಾಂಕಿಗೆ ಹತ್ತಿ ನಲ್ಲಿಗೆ ಇಳಿಯುವ ನೀರು. ಕ್ಯಾನಿನದು ಕುಡಿಯಲಿಕ್ಕೆ. ನಲ್ಲಿಯದು ಬಟ್ಟೆಗೆ, ಪಾತ್ರೆಗೆ, ಮೈಗೆ, ದನಕ್ಕೆ. ಇಷ್ಟರವರೆಗೆ ಸರಿ. ಮುದ್ದೆಯ ಎಸರಿಗೆ, ಸಾರಿಗೆ, ಅನ್ನಕ್ಕೆ, ಟೀಗೆ ಯಾವ ನೀರು? ದುಡ್ಡು ಕೊಟ್ಟು ಹೊತ್ತು ತಂದ ನೀರನ್ನು ಒಲೆಯ ಮೇಲೆ ಸುರಿಯಲು ಸುಲಭಕ್ಕೆ ಮನಸ್ಸು ಬರುವುದಿಲ್ಲ. ಹೇಗೂ ಕುದಿಯುತ್ತದಲ್ಲ ಎಂಬ ಸಮಾಧಾನ ಬೇರೆ. ಫ್ಲೋರೈಡ್‌ನ ಲೆಕ್ಕ ತಪ್ಪುವುದು ಇಲ್ಲೇ.

ಕುದಿಸಿದರೆ ಸಾಯುವುದು ಕ್ರಿಮಿ. ಫ್ಲೋರೈಡ್ ಕ್ರಿಮಿಯಲ್ಲ, ನೀರಿನಲ್ಲಿ ಕರಗಿರುವ ಲವಣ. ಎಸರು ಕುದಿಯುತ್ತಾ ಹೋದಂತೆ ಆವಿಯಾಗಿ ಹೋಗುವುದು ನೀರು ಮಾತ್ರ. ಫ್ಲೋರೈಡ್ ಪಾತ್ರೆಯಲ್ಲೇ ಉಳಿದು, ಹಿಟ್ಟಿನೊಳಗೆ ಸೇರಿ, ತಟ್ಟೆಗೆ ಬರುತ್ತದೆ. ಕುದಿಸಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಒಂದು ಸಾಧಾರಣ ಲೆಕ್ಕ ಹಾಕಿ ನೋಡೋಣ. ಬೋರಿನ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆಯೆಂದುಕೊಳ್ಳಿ. ಕೋಲಾರ ಮತ್ತು ತುಮಕೂರು ಜಿಲ್ಲೆಗಳ ಅಂತರ್ಜಲದಲ್ಲಿ ಈ ಮಟ್ಟವನ್ನೂ ಮೀರಿದ ಮಾದರಿಗಳು ಸಿಕ್ಕಿರುವುದರಿಂದ ಇದೇನೂ ಉತ್ಪ್ರೇಕ್ಷೆಯ ಅಂಕಿಯಲ್ಲ. ಮುದ್ದೆ, ಸಾರು, ಅನ್ನ, ಎರಡು ಲೋಟ ಟೀ ಸೇರಿ ಒಬ್ಬರಿಗೆ ಒಂದೂವರೆ ಲೀಟರ್ ಅಡುಗೆ ನೀರು ಎಂದರೂ ನಾಲ್ಕೂವರೆ ಮಿಲಿಗ್ರಾಂ ಆಯಿತು. ಕುಡಿಯುವ ನೀರು ಪೂರ್ತಿ ಫಿಲ್ಟರಿನದೇ ಆಗಿದ್ದರೂ ಇಷ್ಟು ಬಂದೇ ಬರುತ್ತದೆ. ಹೊಲದಲ್ಲಿ ಕಡಲೆಕಾಯಿ ಗಿಡ ಕೀಳುವಾಗ ಬಾಯಾರಿ ಪಕ್ಕದ ಪಂಪ್‌ಸೆಟ್ಟಿನ ಪೈಪಿಗೆ ಬಾಯಿ ಕೊಟ್ಟದ್ದನ್ನು ಇನ್ನೂ ಸೇರಿಸಿಲ್ಲ.

ನಾಲ್ಕೂವರೆ ಮಿಲಿಗ್ರಾಂ ಹೆಚ್ಚೋ ಕಡಿಮೆಯೋ? ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಭಾರತ ಮತ್ತು ಚೀನಾದ ಅಧ್ಯಯನಗಳನ್ನು ಒಟ್ಟಿಗೆ ತೂಗಿ ಹೇಳಿದ ಮಾತು ಹೀಗಿದೆ: ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 14 ಮಿಲಿಗ್ರಾಂ ಒಳಹೊಕ್ಕರೆ ಮೂಳೆಗೆ ಅಪಾಯ ಖಚಿತ, 6 ಮಿಲಿಗ್ರಾಂ ದಾಟಿದಲ್ಲೇ ಅದರ ಸುಳಿವು ಕಾಣಿಸಿಕೊಳ್ಳುತ್ತದೆ. ಅಡುಗೆ ನೀರೊಂದೇ ದೊಡ್ಡವರನ್ನು ಆ ಆರರ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಮಕ್ಕಳ ಮಿತಿ ಇದಕ್ಕಿಂತ ಬಹಳ ಕೆಳಗಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1997ರಲ್ಲಿ ಗೊತ್ತುಮಾಡಿದ ಗರಿಷ್ಠ ಮಿತಿ, ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 1.3 ಮಿಲಿಗ್ರಾಂ, ನಾಲ್ಕರಿಂದ ಎಂಟರವರೆಗೆ 2.2. ಎರಡು ವರ್ಷದ ಮಗುವಿಗೆ ತಿನ್ನಿಸುವ ರಾಗಿ ಸರಿ, ಮೆತ್ತಗೆ ಬೇಯಿಸಿದ ಅನ್ನ, ಸಾರು ಸೇರಿ ಅರ್ಧ ಲೀಟರ್ ಬೋರಿನ ನೀರು ಹೋದರೆ ಆ ಮಿತಿ ದಾಟುತ್ತದೆ.

ನೀರಿನ ಮಿತಿಯ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 1.5 ಮಿಲಿಗ್ರಾಂ. ನಮ್ಮ ಭಾರತೀಯ ಮಾನಕ ಇನ್ನೂ ಬಿಗಿ: 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಲ್ಲಿ ಮಾತ್ರ 1.5ರವರೆಗೆ ಮಾಫಿ. ಇಂಥ ಅಂಕಿಗಳ ಹಿಂದೆ ದಿನಕ್ಕೆ ಎರಡು ಲೀಟರ್ ಕುಡಿಯುವ ಮನುಷ್ಯನೊಬ್ಬನ ಕಲ್ಪನೆ ಇರುತ್ತದೆ. ಆತ ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಕಲ್ಲು ಒಡೆಯುವವನಲ್ಲ. ಇಲ್ಲಿ ದುಡಿಯುವವರು ನಾಲ್ಕೈದು ಲೀಟರ್ ಕುಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೇ ಸ್ಥಳೀಯ ಹವೆ ಮತ್ತು ಕುಡಿಯುವ ಪ್ರಮಾಣ ನೋಡಿ ಮಿತಿ ಗೊತ್ತುಮಾಡಿಕೊಳ್ಳಿ ಎಂದಿದೆ. ಹಾಗಾಗಿ ಪರೀಕ್ಷಾ ವರದಿಯಲ್ಲಿ 1.4 ಎಂದು ಬಂದ ಮಾತ್ರಕ್ಕೆ ನಿರಾಳವಾಗುವುದನ್ನು ನಾನು ಒಪ್ಪುವುದಿಲ್ಲ.

ಈ ಫ್ಲೋರೈಡನ್ನು ಯಾರೂ ತಂದು ನೀರಿಗೆ ಸುರಿದಿಲ್ಲ. ಕಾರ್ಖಾನೆಯ ಕೊಳೆಯಲ್ಲ, ಗೊಬ್ಬರದ ಶೇಷವೂ ಮುಖ್ಯ ಕಾರಣವಲ್ಲ. ಅದು ಬಂಡೆಯದೇ ಸ್ವತ್ತು. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆ ಬೆಟ್ಟ ಇವೆಲ್ಲ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಭೂವಿಜ್ಞಾನಿಗಳು ಕರೆಯುವ ಪಟ್ಟಿಗೆ ಸೇರಿದವು. ರಾಮನಗರದ ಹಳೆಯ ಹೆಸರು ಹೊತ್ತ ಈ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ದಕ್ಷಿಣೋತ್ತರವಾಗಿ ನಾನ್ನೂರು ಕಿಲೋಮೀಟರ್ ಚಾಚಿಕೊಂಡಿದೆ. ಇದರಲ್ಲಿ ಕಪ್ಪು ಅಭ್ರಕವಿದೆ, ಅಪಟೈಟ್ ಇದೆ, ಅಲ್ಲಲ್ಲಿ ಫ್ಲೋರೈಟ್ ಇದೆ. ಮೂರರಲ್ಲೂ ಫ್ಲೋರೈಡ್ ಉಂಟು.

ಅಭ್ರಕದ ಹರಳಿನಲ್ಲಿ ಹೈಡ್ರಾಕ್ಸಿಲ್ ಎಂಬ ಅಯಾನು ಕೂರಬೇಕಾದ ಸ್ಥಾನಗಳಿವೆ. ಫ್ಲೋರೈಡ್‌ನ ಗಾತ್ರವೂ ವಿದ್ಯುದಂಶವೂ ಹೆಚ್ಚುಕಡಿಮೆ ಹೈಡ್ರಾಕ್ಸಿಲ್‌ನಷ್ಟೇ. ಹೀಗಾಗಿ ಬಂಡೆ ಹೆಪ್ಪುಗಟ್ಟುವ ಕಾಲದಲ್ಲಿ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ, ಫ್ಲೋರೈಡ್ ಆ ಜಾಗಗಳನ್ನು ಹಿಡಿದುಬಿಟ್ಟಿದೆ. ಮುಂದೆ ಕೋಟ್ಯಂತರ ವರ್ಷಗಳ ಮೇಲೆ, ಬಿರುಕಿನೊಳಗೆ ಇಳಿದ ಮಳೆನೀರು ನಿಧಾನವಾಗಿ ಕ್ಷಾರವಾಗುತ್ತದೆ. ಕ್ಷಾರ ನೀರಿನಲ್ಲಿ ಹೈಡ್ರಾಕ್ಸಿಲ್ ಹೇರಳ. ಅದು ತನ್ನ ಜಾಗ ಮರಳಿ ಪಡೆಯುತ್ತದೆ, ಫ್ಲೋರೈಡ್ ನೀರಿಗೆ ಇಳಿಯುತ್ತದೆ.

ಇಳಿದ ಫ್ಲೋರೈಡ್ ನೀರಿನಲ್ಲಿ ಎಷ್ಟು ಉಳಿದೀತು ಎಂಬುದನ್ನು ತೀರ್ಮಾನಿಸುವುದು ಕ್ಯಾಲ್ಸಿಯಂ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡ್ ಜೊತೆ ಸೇರಿ ಫ್ಲೋರೈಟ್ ಆಗಿ ಮತ್ತೆ ಕಲ್ಲಾಗಿ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಾಗಿದ್ದರೆ ಫ್ಲೋರೈಡ್‌ಗೆ ತಡೆಯಿಲ್ಲ. ಇದರಿಂದ ಒಂದು ವಿಪರ್ಯಾಸ ಹುಟ್ಟುತ್ತದೆ. ನಮ್ಮ ಹೆಂಗಸರು ನೀರಿನ ಗುಣ ಅಳೆಯುವುದು ಬೇಳೆಯಲ್ಲಿ. ಬೇಳೆ ಬೇಯದ ನೀರು, ಸೋಪು ನೊರೆ ಬಾರದ ನೀರು, ಪಾತ್ರೆಗೆ ಬಿಳಿ ಪದರ ಕಟ್ಟುವ ನೀರು ಗಡಸು, ಅದು ಕೆಟ್ಟದ್ದು. ತೊಗರಿಬೇಳೆ ಬೇಗ ಮೆತ್ತಗಾದರೆ ಅದು ಒಳ್ಳೆಯ ನೀರು. ಅಡುಗೆಯ ಮಟ್ಟಿಗೆ ಈ ಪರೀಕ್ಷೆ ನೂರಕ್ಕೆ ನೂರು ಸರಿ. ಆದರೆ ಬೇಳೆಯನ್ನು ಗಟ್ಟಿಯಾಗಿಸುವುದು ಕ್ಯಾಲ್ಸಿಯಂ. ಮೆತ್ತಗಾಗಿಸುವುದು ಸೋಡಾದ ಗುಣದ ಕ್ಷಾರ ನೀರು. ಹೆಚ್ಚು ಫ್ಲೋರೈಡ್ ಹಿಡಿದಿಟ್ಟುಕೊಳ್ಳಬಲ್ಲ ನೀರೂ ಅದೇ ಬಗೆಯದು. ಬೇಳೆ ಬೇಗ ಬೆಂದ ನೀರಿನಲ್ಲೆಲ್ಲ ಫ್ಲೋರೈಡ್ ಇದೆ ಎಂದಲ್ಲ. ನಾಲಿಗೆ, ಕಣ್ಣು, ಬೇಳೆ ಮೂರೂ ಇಲ್ಲಿ ಸಾಕ್ಷಿ ಹೇಳಲಾರವು ಎಂಬುದಷ್ಟೇ ಮಾತು.

ಹಾಗಾದರೆ ಹಿಂದಿನವರು? ಬಂಡೆ ಹಳೆಯದೇ ಆದರೂ ಅದರ ಹೊಟ್ಟೆಯ ನೀರನ್ನು ನಾವು ಕುಡಿಯಲು ಶುರುಮಾಡಿದ್ದು ಈಚೆಗೆ. ಈ ನಾಲ್ಕು ತಾಲ್ಲೂಕುಗಳಲ್ಲಿ ತಲಪರಿಗೆ ಎಂಬ ವ್ಯವಸ್ಥೆಯಿತ್ತು. ಮರಳು ಪದರದಲ್ಲಿ ತಾನಾಗಿ ಒಸರುವ ಊಟೆಯನ್ನು ಕಲ್ಲು ಕಟ್ಟಿ ಕಾಪಾಡಿ, ಕಾಲುವೆಯಲ್ಲಿ ಹರಿಸಿ, ಕುಡಿಯಲಿಕ್ಕೂ ಗದ್ದೆಗೂ ಬಳಸುವುದು, ಹಂಚಿಕೆಗೆ ನೀರಗಂಟಿ. ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಇವುಗಳನ್ನು ಊರೂರು ತಿರುಗಿ ದಾಖಲಿಸಿದ್ದಾರೆ. ತಲಪರಿಗೆ, ಸೇದುವ ಬಾವಿ, ಕೆರೆಯ ಅಂಗಳದ ಬಾವಿ ಇವೆಲ್ಲ ಮೇಲ್ಪದರದ ನೀರು. ಈ ವರ್ಷದ ಮಳೆಯೋ ಹಿಂದಿನ ವರ್ಷದ್ದೋ. ಬಂಡೆಯೊಡನೆ ಒಡನಾಡಿ ಅದರ ಗುಣ ಪಡೆಯುವಷ್ಟು ಕಾಲ ಅದಕ್ಕೆ ಸಿಗುತ್ತಿರಲಿಲ್ಲ.

1966–67ರ ಬಿಹಾರದ ಬರದ ನಂತರ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ಯುನಿಸೆಫ್ ನೆರವಿನಿಂದ ದೇಶಕ್ಕೆ ಬಂದವು. ಎಪ್ಪತ್ತರ ದಶಕದ ಕೊನೆಗೆ ‘ಇಂಡಿಯಾ ಮಾರ್ಕ್ 2’ ಕೈಪಂಪು ಸಿದ್ಧವಾಯಿತು. ತೆರೆದ ಬಾವಿಯ ನೀರಿನಿಂದ ಕಾಲರಾ, ಕರುಳುಬೇನೆ, ನಾರುಹುಣ್ಣು ಹರಡುತ್ತಿದ್ದ ಕಾಲ ಅದು. ಮುಚ್ಚಿದ ಬೋರು ಅವನ್ನು ತಡೆದದ್ದು ನಿಜ, ಎಷ್ಟೋ ಮಕ್ಕಳ ಜೀವ ಉಳಿದದ್ದೂ ನಿಜ. ಈಗ ಕೂತು ಬೋರನ್ನು ಬೈಯುವುದು ಸುಲಭ. ಆದರೆ ಕ್ರಿಮಿ ಇಲ್ಲದ ನೀರು ಎಂದರೆ ಒಳ್ಳೆಯ ನೀರು ಎಂಬ ಸಮೀಕರಣ ಆಗಲೇ ಮನಸ್ಸಿನಲ್ಲಿ ಕೂತಿತು. ಆಮೇಲೆ ಅಡಿಕೆ, ತೆಂಗು, ಕರೆಂಟು, ಮೋಟಾರು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಐನೂರಕ್ಕೆ, ಎಂಟುನೂರಕ್ಕೆ, ಸಾವಿರಕ್ಕೆ ಇಳಿಯಿತು. ಆಳಕ್ಕೆ ಹೋದಷ್ಟೂ ನೀರು ಹಳೆಯದು, ಬಂಡೆಯೊಡನೆ ಅದರ ಸಹವಾಸ ದೀರ್ಘ. ಬರದ ವರ್ಷ ಬೋರು ಇನ್ನೂರು ಅಡಿ ಹೆಚ್ಚು ಕೊರೆಸಿದ ಊರು, ನೀರಿನ ಜೊತೆಗೆ ಬಂದದ್ದೇನೆಂದು ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಅಪರೂಪ. ಬಂಡೆಯ ಹೊಟ್ಟೆಯಲ್ಲಿ ಫ್ಲೋರೈಡ್ ಒಂದೇ ಇರುವುದೂ ಅಲ್ಲ. ತುಮಕೂರು, ಚಿತ್ರದುರ್ಗ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ 73 ಹಳ್ಳಿಗಳ ಬೋರು ನೀರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದಾಗ, 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ಮೀರಿತ್ತು.

ನೀರಿನ ಫ್ಲೋರೈಡ್ ಕಣ್ಣಿಗೆ ಕಾಣುವುದು ಹಲ್ಲಿನಲ್ಲಿ. ಹಲ್ಲಿನ ಕಲೆಗೂ ನೀರಿಗೂ ನಂಟಿದೆ ಎಂದು ಮೊದಲು ಪಟ್ಟುಹಿಡಿದವನು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನ ದಂತವೈದ್ಯ ಫ್ರೆಡರಿಕ್ ಮೆಕೇ. 1901ರಲ್ಲಿ ಆ ಊರಿಗೆ ಬಂದ ಆತ ಮಕ್ಕಳ ಹಲ್ಲಿನ ಕಂದು ಕಲೆ ನೋಡಿ ಬೆರಗಾದ. ಕಾರಣ ತಿಳಿಯಲು ಮೂವತ್ತು ವರ್ಷ ಹಿಡಿಯಿತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ನೀರಿನಲ್ಲಿ ಫ್ಲೋರೈಡ್ ಪತ್ತೆಮಾಡಿದ. ನಮ್ಮ ದೇಶದಲ್ಲಿ ಫ್ಲೋರೈಡ್ ತರುವ ಕಾಯಿಲೆ ವೈದ್ಯಕೀಯ ಪತ್ರಿಕೆಗೆ ಬಂದದ್ದು 1937ರಲ್ಲಿ, ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಸೆಟೆದು ನಿಂತ ರೈತರನ್ನು ಕಂಡು ಬರೆದರು. ಕೊರಟಗೆರೆ, ಮಧುಗಿರಿಯಲ್ಲಿ ಹರಿಯುವ ಜಯಮಂಗಲಿಯನ್ನು ಕೂಡಿಕೊಂಡ ಉತ್ತರ ಪಿನಾಕಿನಿ ಸಮುದ್ರ ಸೇರುವುದು ಅದೇ ಜಿಲ್ಲೆಯಲ್ಲಿ. ನಡುವೆ ಅನಂತಪುರ. ರಾಜ್ಯದ ಗಡಿ ಏನೇ ಇರಲಿ, ಬಂಡೆಯ ಸೀಮೆ ಒಂದೇ.

ಹಲ್ಲಿನ ಎನಾಮಲ್ ಮತ್ತು ಮೂಳೆಯ ಗಟ್ಟಿ ಭಾಗ ಎರಡೂ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ನಿಂದಾದ ಅಪಟೈಟ್. ಗ್ರಾನೈಟಿನಲ್ಲಿರುವ ಅಪಟೈಟ್‌ನ ದಾಯಾದಿ. ಅದರ ಹರಳಿನಲ್ಲೂ ಹೈಡ್ರಾಕ್ಸಿಲ್ ಸ್ಥಾನಗಳಿವೆ. ಬಂಡೆಯಿಂದ ಎದ್ದುಬಂದ ಫ್ಲೋರೈಡ್ ಮೈಯೊಳಗೆ ಮತ್ತೆ ಅಂಥದೇ ಸ್ಥಾನ ಹುಡುಕುತ್ತದೆ. ಕುಡಿದ ನೀರಿನ ಫ್ಲೋರೈಡ್ ಬಹುಪಾಲು ರಕ್ತಕ್ಕೆ ಸೇರುತ್ತದೆ. ವಯಸ್ಕರಲ್ಲಿ ಅದರ ಅರ್ಧದಷ್ಟು ಮೂತ್ರದಲ್ಲಿ ಹೊರಹೋಗಿ ಉಳಿದರ್ಧ ಮೂಳೆಗೆ ಹೋಗುತ್ತದೆ. ಮೂಳೆ ಬೆಳೆಯುತ್ತಿರುವ ಎಳೆಯ ಮಕ್ಕಳಲ್ಲಿ ನೂರಕ್ಕೆ ಎಂಬತ್ತರವರೆಗೂ ಮೈಯಲ್ಲೇ ನಿಲ್ಲಬಹುದು. ಮೂತ್ರಪಿಂಡ ಸೋತವರಲ್ಲಿ ಹೊರಹೋಗುವ ದಾರಿಯೇ ಕಿರಿದು.

ಹಲ್ಲು ಹೇಳುವುದು ಬಾಲ್ಯದ ಕಥೆಯನ್ನು ಮಾತ್ರ. ಶಾಶ್ವತ ಹಲ್ಲುಗಳ ಎನಾಮಲ್ ಹುಟ್ಟಿನಿಂದ ಎಂಟು ವರ್ಷದೊಳಗೆ ವಸಡಿನ ಒಳಗೇ ತಯಾರಾಗುತ್ತದೆ. ಆಗ ಫ್ಲೋರೈಡ್ ಹೆಚ್ಚಾದರೆ ಎನಾಮಲ್ ಸರಿಯಾಗಿ ಪಕ್ವವಾಗದೆ ಸುಣ್ಣದಂಥ ಬಿಳಿ ಮಚ್ಚೆ, ಅಡ್ಡಡ್ಡ ಗೆರೆ ಮೂಡುತ್ತವೆ. ಹಲ್ಲು ಹೊರಬಂದ ಮೇಲೆ ಆ ರಂಧ್ರಗಳಿಗೆ ಬಣ್ಣ ಹಿಡಿದು ಹಳದಿ, ಕಂದು ಆಗುತ್ತದೆ. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತರಹ ಕಾಣುವುದು ಇದರ ಗುರುತು. ಹೊಗೆಸೊಪ್ಪಿನ ಕಲೆ ಹಾಗಿರುವುದಿಲ್ಲ, ಉಜ್ಜಿದರೆ ಅಷ್ಟಿಷ್ಟು ಹೋಗುತ್ತದೆ, ಇದು ಹೋಗುವುದಿಲ್ಲ. ಹಲ್ಲುಜ್ಜುವುದಿಲ್ಲ ಎಂದು ಶಾಲೆಯಲ್ಲಿ ಬೈಸಿಕೊಳ್ಳುವ, ನಗುವಾಗ ಕೈ ಅಡ್ಡ ಹಿಡಿಯುವ ಮಕ್ಕಳದ್ದು ಮಾಡದ ತಪ್ಪು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಇದು ಏನೆಲ್ಲ ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಎಂಟು ವರ್ಷ ದಾಟಿದ ಮೇಲೆ ಕೆಟ್ಟ ನೀರಿನ ಊರಿಗೆ ಬಂದವರ ಹಲ್ಲು ಬೆಳ್ಳಗೇ ಇರುತ್ತದೆ. ಮದುವೆಯಾಗಿ ಬಂದ ಸೊಸೆಯ ಹಲ್ಲು ನೋಡಿ ಈ ಊರಿನ ನೀರಿಗೆ ಸರ್ಟಿಫಿಕೇಟ್ ಕೊಡಲಾಗದು. ಆಕೆಯ ಮೂಳೆ ಮಾತ್ರ ಲೆಕ್ಕ ಇಡುತ್ತಿರುತ್ತದೆ.

ಮೂಳೆಯ ಕಾಯಿಲೆ ಬರುವುದು ನಿಧಾನವಾಗಿ, ಹತ್ತಿಪ್ಪತ್ತು ವರ್ಷಗಳಲ್ಲಿ. ಸೊಂಟ, ಕುತ್ತಿಗೆ, ಮಂಡಿಯ ನೋವಿನಿಂದ ಶುರು. ಮೂಳೆ ದಪ್ಪವಾಗುತ್ತದೆ, ಆದರೆ ಬಲವಾಗುವುದಿಲ್ಲ. ಕೀಲಿನ ಸುತ್ತಲ ಪಟ್ಟಿಗಳಿಗೆ ಸುಣ್ಣ ಕಟ್ಟುತ್ತದೆ. ಕೊನೆಯ ಹಂತದಲ್ಲಿ ಬೆನ್ನೆಲುಬು ಒಂದೇ ಕೋಲಾಗಿ ನರ ಒತ್ತಿ ಕಾಲಿನ ಬಲ ಹೋಗಬಹುದು. ಆರಂಭದಲ್ಲಿ ಇದನ್ನು ‘ವಾಯು’ ಎಂದೋ ಕೆಲಸದ ಸುಸ್ತು ಎಂದೋ ತಳ್ಳಿಹಾಕುವುದು ಸಾಮಾನ್ಯ. ಸಂತೆಯ ದಿನ ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ವಾರ ಹಗುರ. ಆ ಸೂಜಿಯಲ್ಲಿ ಸ್ಟಿರಾಯ್ಡ್ ಇದ್ದರೆ ಮೂಳೆಗೆ ಇನ್ನೊಂದು ಪೆಟ್ಟು. ಕ್ಷೇತ್ರ ಕಾರ್ಯಕರ್ತರು ಬಳಸುವ ಮೂರು ಸರಳ ಪರೀಕ್ಷೆಗಳಿವೆ: ಗದ್ದವನ್ನು ಎದೆಗೆ ಮುಟ್ಟಿಸುವುದು, ಮಂಡಿ ಮಡಿಸದೆ ಬಗ್ಗಿ ನೆಲದ ನಾಣ್ಯ ಎತ್ತಿಕೊಳ್ಳುವುದು, ಎರಡೂ ಕೈ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ ಅದು ಫ್ಲೋರೋಸಿಸ್, ಅಂದರೆ ಫ್ಲೋರೈಡ್ ತರುವ ಈ ಕಾಯಿಲೆ, ಎಂದೇ ಅಲ್ಲ, ವಯಸ್ಸಿನ ಮಂಡಿನೋವೂ ಆಗಿರಬಹುದು. ಆಗ ಮೂತ್ರದ ಫ್ಲೋರೈಡ್ ಮತ್ತು ಮುಂಗೈಯ ಎಕ್ಸ್‌ರೇ ಉತ್ತರ ಕೊಡುತ್ತವೆ. ನೀರು ಬದಲಾದರೆ ಆರಂಭದ ನೋವು ಇಳಿಯುತ್ತದೆ. ಮೂಳೆ ಸೇರಿದ ಫ್ಲೋರೈಡ್ ವರ್ಷಗಟ್ಟಲೆ ಹಿಡಿದು ಒಂದಿಷ್ಟು ಕರಗುತ್ತದೆ. ಗಟ್ಟಿಕಟ್ಟಿದ ಬೆನ್ನು ಮಾತ್ರ ಮತ್ತೆ ಬಾಗುವುದಿಲ್ಲ.

ಬಂಡೆಯ ಬಿರುಕಿನಲ್ಲಿ ಕೆಲಸ ಮಾಡಿದ ನಿಯಮ ಹೊಟ್ಟೆಯಲ್ಲೂ ನಡೆಯುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಕರುಳಿನಲ್ಲೇ ಸ್ವಲ್ಪ ಫ್ಲೋರೈಡನ್ನು ಕಟ್ಟಿಹಾಕಿ ಹೀರಿಕೆ ತಗ್ಗಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಪಾಲಿಷ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ ತಿರುಗಿದ ಮನೆಯ ಮಗು ಅದೇ ನೀರಿನಿಂದ ಹೆಚ್ಚು ನಷ್ಟಕ್ಕೆ ಒಳಗಾಗುತ್ತದೆ. ಈ ಸೀಮೆಯ ಇನ್ನೊಂದು ಬೆಳೆ ಹುಣಸೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣನ್ನು 18 ದಿನ ಕೊಟ್ಟಾಗ ಮೂತ್ರದಲ್ಲಿ ಹೊರಬಿದ್ದ ಫ್ಲೋರೈಡ್ ಹೆಚ್ಚಿತು. ಚಿಕ್ಕ ಪ್ರಯೋಗ ಅದು. ಹುಣಸೆ ಸಾರು ತಿಂದರೆ ಬೋರಿನ ನೀರು ಕುಡಿಯಬಹುದು ಎಂದು ಯಾರೂ ಓದಿಕೊಳ್ಳಬಾರದು. ನೀರು ಬದಲಿಸಿದ ಮೇಲೆ ಊಟದ ಮಾತು. ಟೀ ಸೊಪ್ಪಿನಲ್ಲಿ ಸಹಜವಾಗಿಯೇ ಫ್ಲೋರೈಡ್ ಹೆಚ್ಚು ಎಂಬುದನ್ನೂ, ದಿನಕ್ಕೆ ಆರು ಲೋಟ ಇಳಿಸುವವರು ನೆನಪಿಡಬೇಕು.

ಕ್ಯಾಲ್ಸಿಯಂನ ಬೆನ್ನು ಹತ್ತಿ ಮೂಳೆಗೆ ಹೋಗುವ ಮನೆಯ ಇನ್ನೊಂದು ವಿಷ ಸೀಸ. ಅದಕ್ಕೂ ಬಣ್ಣ ರುಚಿ ಗೊತ್ತಾಗದು, ಕುದಿಸಿದರೆ ಹೋಗದು. ಊಟದಲ್ಲಿ ಕ್ಯಾಲ್ಸಿಯಂ ಮತ್ತು ಕಬ್ಬಿಣ ಕಡಿಮೆಯಿರುವ ಮಗು ಅದನ್ನು ಹೆಚ್ಚು ಹೀರುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ 2020ರಲ್ಲಿ ಹೊರತಂದ ವರದಿಯ ಅಂದಾಜು, ಜಗತ್ತಿನ 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ದಾಟಿದೆ. ಅವರಲ್ಲಿ ಸುಮಾರು 27.5 ಕೋಟಿ ಭಾರತದವರು. ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಮನೆಯ ಬಣ್ಣಕ್ಕೆ 90 ಪಿಪಿಎಂ ಮಿತಿ ಹಾಕುವ ನಿಯಮ ಬಂದದ್ದು 2016ರಲ್ಲಿ. ಅದಕ್ಕೆ ಮುಂಚಿನ ಹಳದಿ, ಕೆಂಪು ಬಾಗಿಲು ಕಿಟಕಿಗಳ ಚಕ್ಕೆ ಏಳುತ್ತಿದ್ದರೆ ಒಣಗಿದ್ದಾಗ ಉಜ್ಜದೆ, ಒದ್ದೆ ಮಾಡಿ ಒರೆಸಿ ಮೇಲೆ ಹೊಸ ಬಣ್ಣ ಬಳಿಯುವುದು ಜಾಣತನ. ಮನೆಯಂಗಳದಲ್ಲಿ ಹಳೆಯ ಬ್ಯಾಟರಿ ಒಡೆಯುವುದಂತೂ ಬೇಡವೇ ಬೇಡ. ಫ್ಲೋರೈಡ್ ಹಲ್ಲಿನ ಮೇಲೆ ಬರೆದಿಟ್ಟು ಹೋಗುತ್ತದೆ. ಸೀಸ ಮಗುವಿನ ಬುದ್ಧಿಯನ್ನು ಮೊಟಕು ಮಾಡುವಾಗ ಹೊರಗೆ ಗುರುತೇ ಇರುವುದಿಲ್ಲ, ರಕ್ತಪರೀಕ್ಷೆಯೊಂದೇ ದಾರಿ. ಅದರ ವಿವರ ಬೇರೆ ಲೇಖನಕ್ಕೆ ಸೇರಿದ್ದು. ಇಲ್ಲಿ ಬಂಡೆಯ ಪಾಲು ದೊಡ್ಡದು.

ನೀರಿನಿಂದ ಫ್ಲೋರೈಡ್ ತೆಗೆಯುವ ವಿದ್ಯೆಗೆ ಅರ್ಧ ಶತಮಾನದ ಚರಿತ್ರೆಯಿದೆ. ನಾಗಪುರದ ನೀರಿ ಸಂಸ್ಥೆ ಎಪ್ಪತ್ತರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನಕ್ಕೆ ಬೇಕಾದದ್ದು ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್. ಕಲಕಿ, ತಿಳಿಯಾಗಲು ಬಿಟ್ಟು, ಮೇಲಿನ ನೀರು ಬಸಿದುಕೊಳ್ಳುವುದು. ಅಗ್ಗ; ಆದರೆ ಪಟಿಕದ ಪ್ರಮಾಣ ಆಯಾ ನೀರಿನ ಗುಣಕ್ಕೆ ತಕ್ಕಂತಿರಬೇಕು, ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸುಧಾಕರ ರಾವ್ ಅವರ ತಂಡ ಮೆಗ್ನೀಸಿಯಂ ಆಕ್ಸೈಡ್ ಬಳಸುವ ಮನೆಮಟ್ಟದ ವಿಧಾನ ರೂಪಿಸಿತು. ಎರಡೂ ಹಳ್ಳಿಯ ಅಡುಗೆಮನೆಯಲ್ಲಿ ನೆಲೆಯೂರಲಿಲ್ಲ. ದಿನವೂ ಅಳತೆ ಮಾಡಿ ಕಲಕಿ ಕಾಯುವ ಕೆಲಸ ಯಾರ ಹೆಗಲಿಗೆ ಬೀಳುತ್ತದೆ ಎಂದು ಯೋಚಿಸಿದರೆ ಕಾರಣ ಹೊಳೆಯುತ್ತದೆ. ಗೆದ್ದದ್ದು ಆರ್‌ಒ ಘಟಕ. ಊರಿನ ಫಿಲ್ಟರ್ ನೀರು ಬರುವುದು ಇದರಿಂದಲೇ. ಗುಂಡಿ ಒತ್ತಿದರೆ ನೀರು. ಆದರೆ ಒಂದು ಬಿಂದಿಗೆ ಶುದ್ಧ ನೀರಿಗೆ ಸರಿಸುಮಾರು ಒಂದು ಬಿಂದಿಗೆ ತ್ಯಾಜ್ಯ ನೀರು ಹೊರಬರುತ್ತದೆ. ಅದರಲ್ಲಿ ಫ್ಲೋರೈಡ್ ಬೋರಿನ ನೀರಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಅದು ಹರಿದು ಸೇರುವುದು ಊರಿನ ಚರಂಡಿಗೆ, ದನದ ತೊಟ್ಟಿಗೆ. ಆರ್‌ಒ ಪೊರೆ ಫ್ಲೋರೈಡ್ ಜೊತೆಗೆ ಕ್ಯಾಲ್ಸಿಯಂ ಅನ್ನೂ ತೆಗೆದುಹಾಕುತ್ತದೆ. ರಾಗಿ, ಹಾಲು, ನುಗ್ಗೆಸೊಪ್ಪು ಇನ್ನಷ್ಟು ಅಗತ್ಯವಾಗುವುದು ಇದರಿಂದಲೂ. ಪೊರೆ ಹಳೆಯದಾದರೆ ಫ್ಲೋರೈಡ್ ನುಸುಳುತ್ತದೆ, ನೀರು ನೋಡಲು ಮೊದಲಿನಂತೆಯೇ ಇರುತ್ತದೆ. ಹೀಗಾಗಿ ಘಟಕದ ಹೊಳೆಯುವ ಸ್ಟೀಲ್ ಗೋಡೆಗಿಂತ ಅದರ ಕಳೆದ ತಿಂಗಳ ಪರೀಕ್ಷಾ ವರದಿ ಮುಖ್ಯ.

ಮಳೆಗೆ ಬಂಡೆಯ ಸಹವಾಸವಿಲ್ಲ. ತಿಪಟೂರಿನ ಬಿಐಆರ್‌ಡಿ-ಕೆ ಸಂಸ್ಥೆ ಪಾವಗಡ, ಬಾಗೇಪಲ್ಲಿ, ಮುಂಡರಗಿ ಭಾಗದ ಫ್ಲೋರೈಡ್ ಊರುಗಳಲ್ಲಿ ‘ಸಚೇತನ’ ಯೋಜನೆಯಡಿ ಮನೆಮನೆಗೆ ಚಾವಣಿ ಮಳೆನೀರು ತೊಟ್ಟಿ ಕಟ್ಟಿಸಿದ್ದು ಈ ತರ್ಕದ ಮೇಲೆ. ಪಾವಗಡದ್ದು ಬಡ ಮಳೆ, ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು. ಅಷ್ಟೇ ಬಂದರೂ ಮೂವತ್ತು ಚದರ ಮೀಟರಿನ ಆರ್‌ಸಿಸಿ ಮನೆಯ ಮೇಲೆ 15,000 ಲೀಟರ್ ಬೀಳುತ್ತದೆ. ಐದರಲ್ಲಿ ನಾಲ್ಕು ಪಾಲು ಹಿಡಿದರೆ 12,000. ಜಲಜೀವನ ಮಿಷನ್ ಫ್ಲೋರೈಡ್ ಊರುಗಳಿಗೆ ತಾತ್ಕಾಲಿಕವಾಗಿ ಕೊಡಬೇಕೆಂದು ಹೇಳುವ ಶುದ್ಧ ನೀರು ತಲೆಗೆ ದಿನಕ್ಕೆ 8ರಿಂದ 10 ಲೀಟರ್, ಅದೂ ಕುಡಿಯಲಿಕ್ಕೆ ಮತ್ತು ಅಡುಗೆಗೆ ಎಂದು ಸ್ಪಷ್ಟವಾಗಿ. ಐದು ಜನರ ಮನೆಗೆ ನಲವತ್ತೈವತ್ತು ಲೀಟರ್. ಆ ಲೆಕ್ಕದಲ್ಲಿ 12,000 ಲೀಟರ್ ಎಂಟರಿಂದ ಹತ್ತು ತಿಂಗಳಿಗೆ ಸಾಕು. ಅಷ್ಟು ದೊಡ್ಡ ತೊಟ್ಟಿ ಎಲ್ಲರಿಗೂ ಆಗದು, 5,000 ಲೀಟರಿನದಾದರೂ ಮೂರು ತಿಂಗಳು ಅಡುಗೆಗೂ ಕುಡಿಯಲಿಕ್ಕೂ ಬಂತು. ಮೊದಲ ಮಳೆ ಹೊರಗೆ ಬಿಡಬೇಕು, ತೊಟ್ಟಿಗೆ ಬೆಳಕು ಬೀಳಬಾರದು.

ಎಲ್ಲ ಮನೆಗೂ ಒಟ್ಟಿಗೆ ಒಳ್ಳೆಯ ನೀರು ಕೊಡಲಾಗದಿದ್ದರೆ ಮೊದಲು ಯಾರಿಗೆ? ನನ್ನ ಮತ ಅಂಗನವಾಡಿಗೆ, ಆಮೇಲೆ ಪ್ರಾಥಮಿಕ ಶಾಲೆಗೆ. ಎನಾಮಲ್ ಕಟ್ಟುವ ವಯಸ್ಸಿನ ಮಕ್ಕಳು ಉಣ್ಣುವುದು ಅಲ್ಲಿ. 2013ರ ಆಗಸ್ಟ್ 1ರಂದು ಶುರುವಾದ, ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಈ ಸೀಮೆಗೆ ನಿಜಕ್ಕೂ ಔಷಧಿ, ಏಕೆಂದರೆ ಹಾಲಿನಲ್ಲಿ ಕ್ಯಾಲ್ಸಿಯಂ ಇದೆ. ಆದರೆ ಶಾಲೆಗೆ ಬರುವುದು ಹಾಲಿನ ಪುಡಿ. ಅದನ್ನು ಕದಡುವುದು ಶಾಲೆಯ ನೀರಿನಲ್ಲಿ. ಬಿಸಿಯೂಟದ ಅನ್ನ ಸಾಂಬಾರೂ ಅದೇ ನೀರಿನದು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಫಿಲ್ಟರ್ ನೀರಿನ ಕ್ಯಾನು, ಅಡುಗೆಕೋಣೆಯಲ್ಲಿ ನಲ್ಲಿ ನೀರು ಎಂಬ ವ್ಯವಸ್ಥೆ ಇದ್ದರೆ ಅದನ್ನು ತಿರುಗುಮುರುಗು ಮಾಡುವುದು ಮೇಲು. ಇನ್ನೂ ಎಳೆಯ ಕೂಸುಗಳ ಮಟ್ಟಿಗೆ ಪ್ರಕೃತಿಯೇ ಒಂದು ಉಪಕಾರ ಮಾಡಿದೆ: ತಾಯಿ ಫ್ಲೋರೈಡ್ ನೀರು ಕುಡಿದರೂ ಎದೆಹಾಲಿಗೆ ಅದು ಇಳಿಯುವುದು ತೀರಾ ಅಲ್ಪ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಎಂಬ ನಿಯಮಕ್ಕೆ ಇಲ್ಲಿ ಇನ್ನೊಂದು ಬಲವಾದ ಕಾರಣ ಸಿಕ್ಕಂತಾಯಿತು. ಡಬ್ಬದ ಪುಡಿಯನ್ನು ಬೋರಿನ ನೀರಿನಲ್ಲಿ ಕದಡಿದರೆ ಆ ರಕ್ಷಣೆ ಹೋಯಿತು.

ಅಂತಿಮವಾಗಿ ಹೊರಗಿನ ನದಿಯ ನೀರೇ ಬರಬೇಕು ಎಂಬ ಬೇಡಿಕೆ ಇಲ್ಲಿ ದಶಕಗಳದ್ದು. ಶಿರಾಕ್ಕೆ ಹೇಮಾವತಿ ಬಂದಿದೆ. 2025ರಲ್ಲಿ ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಕುಡಿಯುವ ನೀರಿನ ಯೋಜನೆ ಪಾವಗಡದಲ್ಲಿ ಉದ್ಘಾಟನೆಯಾಯಿತು. ನದಿಯ ನೀರು ಬಂದ ಊರಿನಲ್ಲಿ ಅಡುಗೆ, ಕುಡಿಯುವುದು ಎಂಬ ಭೇದ ತಾನಾಗಿ ಅಳಿಯುತ್ತದೆ, ಪೈಪಿನಲ್ಲಿ ವರ್ಷವಿಡೀ ಅದೇ ನೀರು ಹರಿದರೆ. ಬೇಸಿಗೆಯಲ್ಲೋ ಪೈಪು ಒಡೆದಾಗಲೋ ಹಳೆಯ ಬೋರಿನ ನೀರನ್ನು ಅದೇ ಟ್ಯಾಂಕಿಗೆ ಬೆರೆಸಿ ಬಿಡುವ ಅಭ್ಯಾಸಕ್ಕೆ ಬಿದ್ದರೆ, ಜನರಿಗೆ ತಿಳಿಯದಂತೆ ಹಳೆಯ ಕಾಯಿಲೆ ಮುಂದುವರಿಯುತ್ತದೆ. ತಿಳಿಯುವುದಕ್ಕೆ ಒಂದು ಉಪಾಯವಿದೆ, ತಡವಾದರೂ ಸುಳ್ಳಾಡದ್ದು. 2025ರಲ್ಲಿ ಪಾವಗಡ ತಾಲ್ಲೂಕಿನಲ್ಲಿ ಹುಟ್ಟಿದ ಮಗುವಿನ ಶಾಶ್ವತ ಮುಂಬಲ್ಲುಗಳು ಮೂಡುವುದು 2031ರಿಂದ 2033ರ ಹೊತ್ತಿಗೆ, ಎರಡನೇ ತರಗತಿಯ ಆಸುಪಾಸಿನಲ್ಲಿ. ಆ ಹಲ್ಲುಗಳನ್ನು ಹೋಲಿಸಿ ನೋಡಲು ಈಗ ಎರಡನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳ ಹಲ್ಲಿನ ದಾಖಲೆ ಬೇಕು. ಹಲ್ಲಿನ ಈ ಕಲೆಯ ಮಟ್ಟ ಅಳೆಯಲು ಎಚ್. ಟ್ರೆಂಡ್ಲಿ ಡೀನ್ 1934ರಲ್ಲಿ ಕೊಟ್ಟ ಸೂಚ್ಯಂಕ ಈಗಲೂ ಬಳಕೆಯಲ್ಲಿದೆ. ಬೇಕಾದದ್ದು ಹಗಲು ಬೆಳಕು, ಒಂದು ಪುಟ್ಟ ಕನ್ನಡಿ, ತರಬೇತಾದ ಕಣ್ಣು. ಊರುವಾರು ಅದನ್ನು ಬರೆದಿಡುವ ಕೆಲಸಕ್ಕೆ ನದಿಯ ನೀರು ತರುವ ಖರ್ಚಿನ ಎದುರು ಲೆಕ್ಕಕ್ಕೇ ಬಾರದಷ್ಟು ದುಡ್ಡು ಸಾಕು, ಮತ್ತು ಅದನ್ನು ಈ ಶಾಲಾ ವರ್ಷದಲ್ಲೇ ಮಾಡಬೇಕು.